ಅವ್ವನ ತೋರುಬೆರಳು

ನಾನು ಕೆಲಸ ಮಾಡುವುದು ಸೊಲ್ಲಾಪುರದ ಒಂದು ಟವೆಲ್ ಕಾರ್ಖಾನೆಯಲ್ಲಿ, ತಪಾಸಣೆಯ ಟೇಬಲ್ಲಿನ ಮುಂದೆ. ಮಗ್ಗದಿಂದ ಇಳಿದ ಬಟ್ಟೆ ನನ್ನೆದುರು ಸರಿದು ಹೋಗುತ್ತಿರುತ್ತದೆ. ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಎಣ್ಣೆಯ ಕಲೆ ಬಿದ್ದಿದೆ, ಎಲ್ಲಿ ಬಣ್ಣ ಸರಿಯಾಗಿ ಹಿಡಿದಿಲ್ಲ ಎಂದು ನೋಡಿ ಸೀಮೆಸುಣ್ಣದಿಂದ ಗುರುತು ಹಾಕಬೇಕು. ವರ್ಷಗಟ್ಟಲೆ ಇದನ್ನೇ ಮಾಡಿ ನನ್ನ ಕಣ್ಣಿಗೆ ಒಂದು ಕೆಟ್ಟ ಚಟ ಹತ್ತಿಬಿಟ್ಟಿದೆ. ಮದುವೆಗೆ ಹೋದರೆ ಮದುಮಗಳ ಮುಖಕ್ಕಿಂತ ಮೊದಲು ಅವಳ ಸೀರೆಯ ಸೆರಗಿನಲ್ಲಿ ಬಿಟ್ಟುಹೋದ ಜರಿ ಕಾಣುತ್ತದೆ. "ನಿನ್ನ ಮುಂದ ದೇವರು ಬಂದು ನಿಂತರೂ ಸೆಕೆಂಡ್ ಮಾಲ ಅಂತ ಬಾಜೂಕ ಇಡ್ತಿ ನೀ," ಎಂದು ನನ್ನ ಗಂಡ ಹೇಳುತ್ತಿರುತ್ತಾರೆ. ಜೊತೆಗೆ ಸಿಟ್ಟು ಬೇರೆ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ.

ಹೋದ ವರ್ಷದ ಥಂಡಿಯಲ್ಲಿ ಅಕ್ಕಲಕೋಟದ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಅವಳ ಸೊಸೆಯ ಸೀಮಂತವಿತ್ತು. ನಾನು ಸೊಲ್ಲಾಪುರದಿಂದ ಎಸ್‌ಟಿ ಬಸ್ಸು ಹಿಡಿದು ಹೋಗಿದ್ದೆ. ಅವ್ವ ನನ್ನ ತವರೂರು ತಡವಳದಿಂದ ಅಣ್ಣನ ಮೋಟರ್‌ಸೈಕಲ್ಲಿನ ಹಿಂದೆ ಕುಳಿತು ಬಂದಿದ್ದಳು. ಅಪ್ಪ ತೀರಿಕೊಂಡ ಮೇಲೂ ಅವ್ವ ಮತ್ತು ಅಣ್ಣ ಕುರಿಗಳನ್ನು ಬಿಟ್ಟಿಲ್ಲ. ನಮ್ಮದು ಕುರುಬರ ದೇವರು ಬೀರೋಬಾನ ಒಕ್ಕಲು. ಮನೆಯಲ್ಲಿ ಉಪ್ಪು ಮುಗಿದರೂ ಮುಗಿಯಬಹುದು, ದೇವರ ಪ್ರಸಾದವಾದ ಭಂಡಾರದ ಅರಿಸಿನ ಮುಗಿಯುವುದಿಲ್ಲ. ತಲೆನೋವಿಗೂ ಅದೇ, ಹೊಸ ಮೊಬೈಲು ತಂದರೆ ಅದಕ್ಕೂ ಅದೇ. ಅವ್ವನ ಹಣೆಯ ಮೇಲೆ ಆ ಹಳದಿ ಇಲ್ಲದ ದಿನವನ್ನು ನಾನು ಕಂಡಿಲ್ಲ.

ಊಟಕ್ಕೆ ಕುಳಿತಾಗ ಅವ್ವ ಚಮಚ ಕೇಳಿದಳು. ರೊಟ್ಟಿ ಮುರಿದು ಪಲ್ಯ ಬಾಚಿಕೊಂಡು ಉಣ್ಣುವ ಹೆಂಗಸು, ಜನ್ಮದಲ್ಲಿ ಚಮಚ ಮುಟ್ಟಿದವಳಲ್ಲ. ನಾನು ಉಣ್ಣುವುದನ್ನು ಬಿಟ್ಟು ಅವಳ ಕೈಯನ್ನೇ ನೋಡಿದೆ. ಬಲಗೈಯ ತೋರುಬೆರಳಿಗೆ ಹಳೆಯ ಸೀರೆಯ ಚೂರೊಂದನ್ನು ಸುತ್ತಿಕೊಂಡಿದ್ದಳು. ಆ ಚೂರನ್ನೂ ಸೆರಗಿನಡಿ ಮುಚ್ಚಿಕೊಂಡಿದ್ದಳು.

"ಏನಾಗ್ಯಾದ ಬೇ ಬೆರಳಿಗೆ?"

"ಏನಿಲ್ಲ ತಗಿ. ಮುಳ್ಳ ಚುಚ್ಯಾದ."

"ಬಿಚ್ಚು, ನೋಡ್ತೀನಿ."

"ಉಂಡ ಮ್ಯಾಲ ನೋಡೀಯಂತ. ಮಂದ್ಯಾಗ ಯಾಕ?"

ಉಂಡ ಮೇಲೆ ಹಿತ್ತಲಿಗೆ ಕರೆದುಕೊಂಡು ಹೋಗಿ ಬಲವಂತವಾಗಿ ಬಿಚ್ಚಿಸಿದೆ. ಮೇಲೆಲ್ಲ ಭಂಡಾರ ಮೆತ್ತಿತ್ತು. ಅದರಡಿಯಲ್ಲಿ, ಉಗುರಿನ ಪಕ್ಕಕ್ಕೆ, ಅಂಗಿಯ ದೊಡ್ಡ ಗುಂಡಿಯಷ್ಟು ಗಾತ್ರದ ಒಂದು ಗಡ್ಡೆ ಎದ್ದು ನಿಂತಿತ್ತು. ನಡುವೆ ಕಪ್ಪುಗೆಂಪು ಬಣ್ಣ, ಅಲ್ಲಿಂದ ನೀರು ಜಿನುಗುತ್ತಿತ್ತು. ಇಂಥದ್ದನ್ನು ನಾನು ಎಂದೂ ಕಂಡಿರಲಿಲ್ಲ. ಕಾಣದ ತಪ್ಪು ಬಟ್ಟೆಯಲ್ಲಿ ಬಂದರೆ ನಮ್ಮ ಟೇಬಲ್ಲಿನ ಪದ್ಧತಿ ಒಂದೇ, ಇಡೀ ತುಂಡನ್ನೇ ಕತ್ತರಿಸಿ ತೆಗೆಯುವುದು. ಅವತ್ತು ನನ್ನ ತಲೆಯೂ ಅದೇ ದಾರಿಯಲ್ಲಿ ಓಡಿತು.

ಅಣ್ಣನನ್ನು ಕರೆದು ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಮನೆಯಲ್ಲೇ ಇದ್ದೂ ನಿನಗೆ ಕಣ್ಣಿಲ್ಲವೇ ಎಂದೆ. ಅವನು ಏನೋ ಹೇಳಲು ಬಾಯಿ ತೆರೆದು ಅವ್ವನ ಕಡೆ ನೋಡಿದ, ಸುಮ್ಮನಾದ. ಅವತ್ತೇ ಅವ್ವನನ್ನು ಬಸ್ಸು ಹತ್ತಿಸಿಕೊಂಡು ಸೊಲ್ಲಾಪುರಕ್ಕೆ ಬಂದೆ.

ಮರುದಿನ ನಮ್ಮ ಓಣಿಯವರೆಲ್ಲ ಹೋಗುವ ಒಬ್ಬ ಆಪರೇಶನ್ ಡಾಕ್ಟರರ ಬಳಿ ತೋರಿಸಿದೆವು. ಅವರು ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೊರಗೆ ಬಾಗಿಲವರೆಗೂ ಜನ ತುಂಬಿದ್ದರು. ಆದರೂ ನಮ್ಮನ್ನು ಕೂರಿಸಿ ಸಮಾಧಾನದಿಂದಲೇ ಮಾತಾಡಿದರು. "ಗಂಟ ಚಲೋ ಕಾಣಸೂದಿಲ್ಲ. ಲಗೂನ ಬೆಳದದ ಅಂತೀರಿ. ಮ್ಯಾಲಿನ ಗಿಣ್ಣಿನ ತನಕಾ ತಗದು ತಪಾಸಣಿಗೆ ಕಳಸೂದು ಚಲೋ. ತಡಾ ಮಾಡಿದ್ರ ಮುಂದ ತ್ರಾಸ," ಎಂದರು. ಸೋಮವಾರ ಬೆಳಿಗ್ಗೆ ಏನೂ ತಿನ್ನದೆ ಬರಲು ಹೇಳಿದರು.

ಅಣ್ಣನಿಗೆ ಫೋನು ಮಾಡಿದೆ. "ಬೆರಳ ಹೋದ್ರ ಹೋಗ್ಲಿ, ಅವ್ವ ಉಳೀಲಿ," ಎಂದ. ಅವ್ವ ಮಾತ್ರ ಮನೆಗೆ ಬಂದು ಮುಖ ತೊಳೆದುಕೊಂಡು ಚಹಾ ಕೇಳಿದಳು.

ಚಹಾ ಮಾಡಿ ತರುವಷ್ಟರಲ್ಲಿ ಅವ್ವ ತನ್ನ ಚೀಲದಿಂದ ಉಣ್ಣೆಯನ್ನೂ ಕದರನ್ನೂ ತೆಗೆದು ಬಾಗಿಲ ಬಳಿ ಕುಳಿತಿದ್ದಳು. ಕದರೆಂದರೆ ನೂಲು ತೆಗೆಯುವ ಸಣ್ಣ ಕೋಲು, ಅಡಿಯಲ್ಲಿ ಒಂದು ಬಿಲ್ಲೆ. ನಮ್ಮ ಕಡೆ ಕುರುಬರ ಮನೆಯಲ್ಲಿ ನಡೆಯುತ್ತಲೂ ನೂಲುತ್ತಾರೆ, ಜಗಳವಾಡುತ್ತಲೂ ನೂಲುತ್ತಾರೆ. ಎಳೆ ಹಿಗ್ಗುವುದು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ. ಅವ್ವ ತೋರುಬೆರಳನ್ನು ಮೇಲೆತ್ತಿ ಹಿಡಿದು ಹೆಬ್ಬೆರಳು ಮತ್ತು ನಡುಬೆರಳಿನಿಂದ ಎಳೆಯಲು ನೋಡುತ್ತಿದ್ದಳು. ಎಳೆ ದಪ್ಪವಾಗಿ ಬಂತು, ಹರಿಯಿತು. ಗಂಟು ಹಾಕಿ ಮತ್ತೆ ತಿರುಗಿಸಿದಳು. ಮತ್ತೆ ಹರಿಯಿತು.

"ಏನ ಮಾಡಾಕತ್ತಿ ಬೇ?"

"ರೂಢಿ ಮಾಡ್ಕೊಳಾಕತ್ತೀನಿ," ಎಂದಳು, ನನ್ನ ಕಡೆ ನೋಡದೆ. "ಸೋಮವಾರದ ಮ್ಯಾಲ ಹಿಂಗ ಮಾಡಬೇಕಲ್ಲ."

ನಾನು ಚಹಾದ ಕಪ್ಪನ್ನು ಅಲ್ಲೇ ಇಟ್ಟು ಅಡುಗೆಮನೆಗೆ ಹೋದೆ. ಸೊಕ್ಕಿನ ಹೆಂಗಸು ನಾನು, ಅಳುವುದು ನನಗೆ ಬರುವುದಿಲ್ಲ ಎಂದುಕೊಂಡಿದ್ದೆ. ಅವತ್ತು ಬಂತು. ಅತ್ತಾದ ಮೇಲೆ ಸಿಟ್ಟು ಬಂತು. ಕೊಯ್ಯುವುದಕ್ಕೆ ಮೊದಲು ಇನ್ನೊಂದು ಜೊತೆ ಕಣ್ಣಾದರೂ ಇದನ್ನು ನೋಡಲೇಬೇಕು ಎನಿಸಿತು. ಆ ಕಣ್ಣು ಯಾರದೆಂದು ನನಗೆ ಗೊತ್ತಿತ್ತು.

ಅದಕ್ಕೂ ಹಿಂದೊಮ್ಮೆ ನನ್ನ ಎರಡೂ ಕೈ ತುರಿಸಿ ಬಿರುಕು ಬಿಟ್ಟಿದ್ದವು. ಬಟ್ಟೆಯ ಬ್ಲೀಚಿನಿಂದಲೇ ಹೀಗಾಗಿದೆ ಎಂದು ಕಾರ್ಖಾನೆಯ ಹೆಂಗಸರೆಲ್ಲ ತೀರ್ಪು ಕೊಟ್ಟಿದ್ದರು. ಆಗ ಯಾರೋ ಹೇಳಿದರೆಂದು ಒಬ್ಬ ಚರ್ಮದ ಡಾಕ್ಟರಮ್ಮನ ಬಳಿ ಹೋಗಿದ್ದೆ. ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಬಾಯಿ ಎಂದು ಕರೆಯುವ ರೂಢಿ, ಎಲ್ಲರೂ ಅವರನ್ನು ಡಾಕ್ಟರ್ ಬಾಯಿ ಎನ್ನುತ್ತಾರೆ. ಅವರು ನನ್ನ ತುರಿಕೆಯನ್ನು ನೋಡಲಿಲ್ಲ, ಅದು ಎಲ್ಲಿ ನಿಂತಿದೆ ಎಂಬುದನ್ನು ನೋಡಿದರು. ಮಣಿಕಟ್ಟಿನ ಮೇಲೆ ಗೆರೆ ಎಳೆದಂತೆ ನಿಂತಿತ್ತು. "ಹ್ಯಾಂಡ್‌ಗ್ಲೋವ್ಸ್ ಇಲ್ಲಿತನಕಾ ಬರ್ತಾವೇನ್ರಿ?" ಎಂದು ಕೇಳಿದರು. ಹೌದು ಎಂದೆ. ಬ್ಲೀಚಿನಿಂದ ಕಾಪಾಡಲೆಂದು ಹಾಕಿಕೊಂಡಿದ್ದ ರಬ್ಬರಿನ ಗ್ಲೋವ್ಸೇ ನನಗೆ ಆಗುತ್ತಿರಲಿಲ್ಲ. ಬೇರೆ ಥರದ್ದು ಹಾಕಿದೆ, ಕೈ ನೆಟ್ಟಗಾಯಿತು.

ಅವರ ದವಾಖಾನೆಯ ಬೆಂಚಿನ ಮೇಲೆ ಕುಳಿತುಕೊಳ್ಳುವುದೇ ಒಂದು ತಮಾಷೆ. ಅಲ್ಲಿ ಬಂದವರೆಲ್ಲ ಒಬ್ಬರ ಮೈ ಒಬ್ಬರು ನೋಡಿ ಅರ್ಧ ಡಾಕ್ಟರಾಗಿರುತ್ತಾರೆ. ಅಂಚು ಕೆಂಪಗೆ ಎದ್ದು ನಡುವೆ ತಿಳಿಯಾದ ಉಂಗುರವಿದ್ದರೆ ಗಜಕರ್ಣ. ಬೆರಳ ಸಂದಿಯಲ್ಲಿ ಗುಳ್ಳೆಗಳಿದ್ದು ಇಡೀ ಮನೆಯವರೇ ಕೆರೆದುಕೊಳ್ಳುತ್ತ ಬಂದಿದ್ದರೆ ಕಜ್ಜಿ. ಮೊಣಕೈ ಮೇಲೆ ಬೆಳ್ಳಿಯಂಥ ಹೊಟ್ಟು ಉದುರುತ್ತಿದ್ದರೆ ಅದು ಸೋರಿಯಾಸಿಸ್, ಅಂಟುವುದಿಲ್ಲ, ಆದರೂ ಪಕ್ಕದವರು ಸ್ವಲ್ಪ ಸರಿದು ಕೂರುತ್ತಾರೆ. ಬಿಳಿ ಮಚ್ಚೆಯವರು ಬಂದರಂತೂ ಬೆಂಚೇ ಖಾಲಿಯಾಗುತ್ತದೆ. ಡಾಕ್ಟರ್ ಬಾಯಿ ಒಳಗಿನಿಂದ ಇದನ್ನು ಕಂಡರೆ ಹೊರಗೆ ಬಂದು ಆ ಮಚ್ಚೆಯ ಮೇಲೆಯೇ ತಮ್ಮ ಕೈಯಿಟ್ಟು ಅವರನ್ನು ಕರೆದುಕೊಂಡು ಹೋಗುತ್ತಿದ್ದರು. ಬಿಳಿ ಮಚ್ಚೆಗಳಲ್ಲೂ ಹಲವು ಜಾತಿ, ಅರಳೆಯಿಂದ ಸವರಿ ಮುಟ್ಟಿದ್ದು ತಿಳಿಯುತ್ತದೆಯೇ ಎಂದು ಕೇಳದೆ ಕುಷ್ಠವೆಂದು ಹೆಸರಿಡಬಾರದು ಎಂದು ಗದರಿಸುತ್ತಿದ್ದರು. ನನಗಿಂತ ಸಿಟ್ಟಿನವರು ಸಿಕ್ಕರು ಎಂದು ನನಗೆ ಅವರ ಮೇಲೆ ಪ್ರೀತಿ.

ಶನಿವಾರ ಕೆಲಸಕ್ಕೆ ರಜೆ ಹಾಕಿ ಅವ್ವನನ್ನು ಅಲ್ಲಿಗೆ ಕರೆದೊಯ್ದೆ. ಡಾಕ್ಟರ್ ಬಾಯಿ ಟ್ಯೂಬ್‌ಲೈಟಿನಡಿ ಯಾರನ್ನೂ ನೋಡುವುದಿಲ್ಲ. ಅವ್ವನನ್ನು ಕಿಟಕಿಯ ಬಳಿಗೆ ಕರೆದು ಬಿಸಿಲಿನಲ್ಲಿ ನಿಲ್ಲಿಸಿದರು. ಬೆರಳನ್ನು ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು.

"ಇದನ್ನ ತೊಳೀಬೇಕಲ್ರಿ, ಅರಿಸಿನದಾಗ ಏನೂ ಕಾಣಸೂದಿಲ್ಲ."

ಅವ್ವ ಕೈ ಹಿಂದಕ್ಕೆಳೆದುಕೊಂಡಳು. "ಭಂಡಾರ ಅದ್ರಿ ಅದು. ಮೋರಿಗೆ ಬಿಡಬಾರದು."

ಅಯ್ಯೋ, ಈಗ ಇದೊಂದು ಬಾಕಿ ಇತ್ತೇ ಎಂದು ನಾನು ಹಲ್ಲು ಕಚ್ಚಿದೆ. ಡಾಕ್ಟರ್ ಬಾಯಿ ಮಾತ್ರ ಕಿಟಕಿಯಲ್ಲಿದ್ದ ತುಳಸಿಯ ಕುಂಡವನ್ನು ಮುಂದಕ್ಕೆ ಎಳೆದರು. "ಹಂಗಾರ ತುಳಸಿಗೆ ಹೋಗ್ಲಿ. ನಡೀತದೇನ್ರಿ?" ನಡೆಯುತ್ತದೆ ಎಂದು ಅವ್ವ ಕೈ ಮುಂದೆ ಮಾಡಿದಳು. ಕುಂಡದ ಮೇಲೆ ಹಿಡಿದು ಮೆಲ್ಲಗೆ ನೀರು ಬಿಟ್ಟು ತೊಳೆದರು.

ಹಳದಿ ಹೋದ ಮೇಲೆ ಬೆರಳು ಬೇರೆಯೇ ಕಂಡಿತು. ನಡುವೆ ಕೆಂಪು, ಅದರ ಸುತ್ತ ಬಿಳಿ ಉಂಗುರ, ಅದರಾಚೆ ಮತ್ತೆ ಕೆಂಪು. ಯಾರೋ ಕೂತು ಬರೆದ ಹಾಗೆ ಒಂದರ ಸುತ್ತ ಒಂದು. ಮೂರು ದಿನದಿಂದ ಆ ಬೆರಳನ್ನೇ ನೋಡುತ್ತಿದ್ದ ನನಗೆ ಆ ಉಂಗುರಗಳು ಈಗ ಕಂಡವು. ಡಾಕ್ಟರ್ ಬಾಯಿಯ ಮುಖ ಬೆಳಗಿತು. ಅವರು ನೇರವಾಗಿ ಅವ್ವನನ್ನು ಕೇಳಿದರು.

"ಮನ್ಯಾಗ ಕುರಿ ಅದಾವೇನ್ರಿ?"

"ಅದಾವ್ರಿ. ಬೀರೋಬಾ ಕೊಟ್ಟಾನ."

"ಈಗ ಮರಿಗೋಳಿಗೆ ಏನರ ರೋಗ ಬಂದಾದೇನು? ತುಟಿಗೆ, ಬಾಯಿಗೆ?"

"ಇಲ್ರೀ ಯವ್ವಾ," ಎಂದಳು ಅವ್ವ. ಅವಳ ಕಣ್ಣು ರೆಪ್ಪೆ ಕೂಡ ಹೊಡೆಯಲಿಲ್ಲ. "ದೇವರ ದಯಾದಿಂದ ಒಂದಕ್ಕೂ ರೋಗ ಇಲ್ಲ."

ಡಾಕ್ಟರ್ ಬಾಯಿಯ ಮುಖ ಇಳಿಯಿತು. ಅವರು ನನಗೆ ಬಿಡಿಸಿ ಹೇಳಿದರು. ನೋಡಲು ಇದು ಕುರಿಮರಿಗಳ ಬಾಯಿಯ ಹುಣ್ಣಿನಿಂದ ಮನುಷ್ಯರಿಗೆ ತಗಲುವ ಒಂದು ರೋಗದ ಹಾಗೇ ಇದೆ. ಅದಾಗಿದ್ದರೆ ಕೊಯ್ಯುವುದೇ ಬೇಡ, ತಾನಾಗಿ ಮಾಯುತ್ತದೆ. ಆದರೆ ಮನೆಯ ಕುರಿಗಳೆಲ್ಲ ಆರೋಗ್ಯವಾಗಿವೆ ಎಂದಾದರೆ ಇದು ಬೇರೆ ಏನೋ ಇರಬಹುದು. ಆಗ ಸೋಮವಾರದ ಆಪರೇಶನ್ನನ್ನು ಬೇಡ ಎನ್ನಲು ಅವರಿಗೆ ಧೈರ್ಯ ಸಾಲದು. ಬರಿ ಕಣ್ಣಿನ ಮೇಲೆ ಒಬ್ಬರ ಜೀವದ ಜೊತೆ ಜೂಜಾಡಬಾರದು.

ಅವ್ವ ಇದನ್ನೆಲ್ಲ ಕೇಳಿಸಿಕೊಂಡಳು. ಕೇಳಿಸಿಕೊಂಡು ಸುಮ್ಮನೆ ನಿಂತಳು.

ಡಾಕ್ಟರ್ ಬಾಯಿ ಬಿಡಲಿಲ್ಲ. ಮತ್ತೊಮ್ಮೆ ಬೆರಳನ್ನು ಬಿಸಿಲಿಗೆ ಹಿಡಿದರು. ಇನ್ನೊಂದು ಕೈಯ ಬೆರಳುಗಳನ್ನೂ ಪಕ್ಕಕ್ಕಿಟ್ಟು ನೋಡಿದರು. ಆಗ ನನಗೂ ಒಂದು ಕಂಡಿತು. ಕಲೆಯ ವಿಷಯದಲ್ಲಿ ನನ್ನ ಕಣ್ಣು ಸುಳ್ಳು ಹೇಳುವುದಿಲ್ಲ. ಹಣೆಗೆ ಭಂಡಾರ ಹಚ್ಚುವಾಗ ನಾವು ಚಿಟಿಕೆ ಹಿಡಿಯುತ್ತೇವೆ, ಅರಿಸಿನ ಬೆರಳ ತುದಿಗಷ್ಟೇ ಹತ್ತುತ್ತದೆ. ಅವ್ವನ ಬೇರೆ ಎಲ್ಲ ಬೆರಳುಗಳಲ್ಲೂ ಹಾಗೇ ಇತ್ತು. ಈ ಒಂದು ಬೆರಳಿನಲ್ಲಿ ಮಾತ್ರ ಹಳದಿ ಎರಡನೆಯ ಗಿಣ್ಣನ್ನೂ ದಾಟಿ ಹೋಗಿತ್ತು, ತೊಳೆದರೂ ಬಿರುಕುಗಳಲ್ಲಿ ನಿಂತಿತ್ತು. ಡಾಕ್ಟರ್ ಬಾಯಿ ಅದನ್ನು ಆಗಲೇ ಕಂಡಿದ್ದರು.

"ಅಜ್ಜಿ," ಎಂದರು ಮೆಲ್ಲಗೆ, "ಈ ಬೆರಳ ಯಾರ ಬಾಯಾಗ ಹಾಕ್ತೀರಿ?"

ಅವ್ವ ತಲೆ ತಗ್ಗಿಸಿದಳು. ನನಗೆ ಒಮ್ಮೆಲೇ ಎಲ್ಲವೂ ನೆನಪಾಯಿತು.

ಇದನ್ನು ನಮ್ಮವರಲ್ಲದವರಿಗೆ ಬಿಡಿಸಿ ಹೇಳಬೇಕು. ಮರಿಗಳ ತುಟಿಯ ಮೇಲೆ ಹುಣ್ಣು ಎದ್ದು ಹಕ್ಕಳೆ ಕಟ್ಟಿದರೆ ನಮ್ಮ ಮನೆಯಲ್ಲಿ ಅದನ್ನು ರೋಗ ಎನ್ನುವುದಿಲ್ಲ. ತಾಯಿ ಬಂದಾಳ, ಅಂದರೆ ದೇವಿ ಮನೆಗೆ ಬಂದಿದ್ದಾಳೆ ಎನ್ನುತ್ತೇವೆ. ಹಟ್ಟಿಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತೇವೆ. ಮನೆಯ ಹಿರಿಯ ಹೆಂಗಸು ಭಂಡಾರವನ್ನು ಎಣ್ಣೆಯಲ್ಲಿ ಕಲಸಿ ಒಂದೊಂದೇ ಮರಿಯ ಬಾಯೊಳಗೆ ಬೆರಳು ಹಾಕಿ ಸವರುತ್ತಾಳೆ. ಮೊಸರನ್ನದ ಎಡೆ ಕೊಟ್ಟು ತಾಯಿಯನ್ನು ಊರ ಸೀಮೆ ದಾಟಿಸಿ ಬರುವವರೆಗೆ ಆ ಮಾತನ್ನು ಹೊರಗಿನವರ ಮುಂದೆ ಆಡುವಂತಿಲ್ಲ. ಆಡಿದರೆ ತಾಯಿ ಮುನಿದು ಮರಿಗಳನ್ನು ಜೊತೆಗೇ ಕರೆದೊಯ್ಯುತ್ತಾಳೆ. ನಾನು ಬೇರೆ ಮನೆಗೆ ಕೊಟ್ಟ ಹೆಣ್ಣು, ನಾನೂ ಹೊರಗಿನವಳೇ. ಆದ್ದರಿಂದಲೇ ಸೀಮಂತದ ದಿನ ಅಣ್ಣ ಬಾಯಿ ತೆರೆದು ಮುಚ್ಚಿದ್ದ. ಡಾಕ್ಟರ್ ಬಾಯಿ ರೋಗ ಇದೆಯೇ ಎಂದು ಕೇಳಿದರು, ಅವ್ವ ಇಲ್ಲ ಎಂದಳು. ಅವಳ ಲೆಕ್ಕದಲ್ಲಿ ಅದು ಸುಳ್ಳಲ್ಲ.

"ಯವ್ವಾ," ಎಂದೆ. ಎಷ್ಟೋ ವರ್ಷಗಳ ಮೇಲೆ ಹಾಗೆ ಕರೆದಿದ್ದೆ. "ತಾಯಿ ಬಂದಾಳೇನ ಮನೀಗೆ?"

ಅವ್ವ ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಬಾಯಿ ತೆರೆಯಲಿಲ್ಲ. ಆದರೆ ತಲೆಯನ್ನು ಒಂದಿಷ್ಟೇ ಕೆಳಗೆ ಮಾಡಿ ಮೇಲೆತ್ತಿದಳು.

ನಾನು ಡಾಕ್ಟರ್ ಬಾಯಿಗೆ ಎಲ್ಲ ಹೇಳಿದೆ. ಅವರು ನಕ್ಕಿದ್ದರೆ, ಇಂಥ ಮೂಢನಂಬಿಕೆ ಎಂದು ಒಂದು ಮಾತು ಆಡಿದ್ದರೆ ಅವ್ವ ಮತ್ತೆ ಅಲ್ಲಿಗೆ ಕಾಲಿಡುತ್ತಿರಲಿಲ್ಲ. ಅವರು ಯೋಚಿಸಿ ಹೇಳಿದರು, "ಮಗಾಗ ಫೋನ್ ಹಚ್ಚರಿ. ವಿಡಿಯೋ ಕಾಲ್."

ಅಣ್ಣ ಹಟ್ಟಿಯಲ್ಲೇ ಇದ್ದ. ಸ್ಕ್ರೀನಿನಲ್ಲಿ ಅವನ ಮೀಸೆ ಮಾತ್ರ ಕಾಣುತ್ತಿತ್ತು. ಮರಿಗಳು ಹೇಗಿವೆ ಎಂದು ಕೇಳಿದ್ದೇ ತಡ, "ಎಲ್ಲಾ ಮಸ್ತ್ ಅದಾವ್ರಿ ಮ್ಯಾಡಮ್, ಏನೂ ಇಲ್ಲ," ಎಂದು ಗಿಳಿಯ ಹಾಗೆ ಶುರುಮಾಡಿದ. ನನಗೆ ಫೋನಿನೊಳಗೇ ಕೈ ಹಾಕಿ ಅವನ ಕಿವಿ ಹಿಂಡಬೇಕೆನಿಸಿತು.

"ನೀವೇನೂ ಹೇಳಬ್ಯಾಡ್ರಿ," ಎಂದರು ಡಾಕ್ಟರ್ ಬಾಯಿ. "ಒಂದ ಅಕ್ಷರಾನೂ ಬ್ಯಾಡ. ಬರೇ ತೋರಸ್ರಿ. ತೋರಿಸಬಾರದು ಅಂತ ಏನರ ಅದೇನು?"

ಅಣ್ಣ ಯೋಚನೆಗೆ ಬಿದ್ದ. ಅವ್ವನನ್ನು ಕೇಳಿದ. ಅವ್ವನೂ ಯೋಚಿಸಿದಳು. ತೋರಿಸಬಾರದು ಎಂದು ಹಿರಿಯರು ಯಾರೂ ಹೇಳಿರಲಿಲ್ಲ. ಅವರ ಕಾಲದಲ್ಲಿ ವಿಡಿಯೋ ಕಾಲ್ ಎಲ್ಲಿತ್ತು?

ಅಣ್ಣ ಬಾಯಿ ಬಿಗಿಹಿಡಿದು ಒಂದು ಮರಿಯನ್ನು ಎತ್ತಿಕೊಂಡು ಕ್ಯಾಮೆರಾದ ಮುಂದೆ ಅದರ ತುಟಿ ತೆರೆದು ಹಿಡಿದ. ತುಟಿಯ ಎರಡೂ ಅಂಚಿನಲ್ಲಿ ಹೂಕೋಸಿನ ಹಾಗೆ ದಪ್ಪ ಹಕ್ಕಳೆ ಕಟ್ಟಿತ್ತು, ಮೇಲೆಲ್ಲ ಭಂಡಾರ. ಅದನ್ನು ಬಿಟ್ಟು ಇನ್ನೊಂದನ್ನು ಎತ್ತಿದ. ಮತ್ತೊಂದನ್ನು ಎತ್ತಿದ. ಇಡೀ ಕೋಣೆಯಲ್ಲಿ ಮರಿಗಳ ಕೂಗು ಬಿಟ್ಟರೆ ಬೇರೆ ಸದ್ದಿರಲಿಲ್ಲ. ನನ್ನ ಬಾಯಿಬಡುಕ ಅಣ್ಣ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ಅದೇ ಮೊದಲು ಕಂಡೆ.

"ಸಾಕ್ರಿ, ಸಾಕು," ಎಂದರು ಡಾಕ್ಟರ್ ಬಾಯಿ. ಫೋನು ನನ್ನ ಕೈಗೆ ಕೊಟ್ಟು ಅವ್ವನ ಎರಡೂ ಕೈ ಹಿಡಿದುಕೊಂಡರು. "ಅಜ್ಜಿ, ಪುಸ್ತಕದಾಗ ಇದಕ್ಕ ಆರ್ಫ್ ಅಂತಾರ. ನಿಮ್ಮ ಮಾತಿನಾಗ ಹೇಳಬೇಕಂದ್ರ, ತಾಯಿ ನಿಮ್ಮ ಬೆರಳಿಗೂ ಬಂದಾಳ. ಬಂದಾಕಿ ತಾನ ಹೋಗ್ತಾಳ. ಬೆರಳ ಕೊಯ್ಯೂದು ಬ್ಯಾಡ."

ನಾನು ಆ ಕಿಟಕಿಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ.

ಡಾಕ್ಟರ್ ಬಾಯಿ ಕಣ್ಣಿನ ಮಾತಿಗೇ ನಿಲ್ಲಲಿಲ್ಲ. ಹುಣ್ಣಿನ ನೀರನ್ನು ಅರಳೆಗೆ ಹಚ್ಚಿ ತಪಾಸಣೆಗೆ ಕಳಿಸಿದರು. ಆಪರೇಶನ್ ಡಾಕ್ಟರರಿಗೆ ನಮ್ಮೆದುರೇ ಫೋನು ಮಾಡಿದರು. ಅವರು ಆ ಕಡೆಯಿಂದ, ತಿಳಿಸಿದ್ದು ಒಳ್ಳೆಯದಾಯಿತು, ಮುದುಕಿಯ ಬೆರಳು ಉಳಿಯಿತಲ್ಲ ಎಂದು ಸಂತೋಷಪಟ್ಟದ್ದು ನನಗೂ ಕೇಳಿಸಿತು. ಜ್ವರ ಬಂದರೆ, ತೋಳಿನ ಮೇಲೆ ಕೆಂಪು ಗೆರೆ ಏರಿದರೆ ಓಡಿ ಬರಬೇಕು, ಇಲ್ಲವಾದರೆ ಒಣಗಿದ ಬಟ್ಟೆ ಕಟ್ಟಿಕೊಂಡು ಕಾಯಬೇಕು ಎಂದು ಡಾಕ್ಟರ್ ಬಾಯಿ ಹೇಳಿದರು. ಮುಂದೆ ಏನೇನು ಕಾಣುತ್ತದೆ ಎಂಬುದನ್ನೂ ಮೊದಲೇ ಹೇಳಿಟ್ಟರು. ಇನ್ನಷ್ಟು ಜಿನುಗುತ್ತದೆ, ಹೆದರಬೇಡಿ. ಆಮೇಲೆ ಮೇಲೆ ಕಪ್ಪು ಚುಕ್ಕೆಗಳ ತೆಳು ಪೊರೆ ಬರುತ್ತದೆ. ಆಮೇಲೆ ಒರಟಾಗಿ ಗುಬುಟು ಗುಬುಟಾಗುತ್ತದೆ. ಕೊನೆಗೆ ಒಣಗಿ ಉದುರುತ್ತದೆ.

ಆ ವಾರಗಳಲ್ಲಿ ಅವ್ವ ನನ್ನ ಮನೆಯಲ್ಲೇ ಇದ್ದಳು. ಪ್ರತಿದಿನ ಕಾರ್ಖಾನೆಯಿಂದ ಬಂದು ಅವಳ ಬೆರಳನ್ನು ಬಾಗಿಲಿಗೆ ತಂದು ಸಂಜೆಯ ಬಿಸಿಲಿಗೆ ಹಿಡಿಯುತ್ತಿದ್ದೆ. ಡಾಕ್ಟರ್ ಬಾಯಿ ಹೇಳಿದ ಕ್ರಮದಲ್ಲೇ ಒಂದೊಂದೂ ಬಂತು. ಜಿನುಗಿತು, ಪೊರೆ ಬಂತು, ಒರಟಾಯಿತು. ಮುಂದೇನು ಕಾಣಲಿದೆ ಎಂದು ಗೊತ್ತಿದ್ದರೆ ಭಯ ಎಷ್ಟು ಸಣ್ಣದಾಗುತ್ತದೆ ಎಂದು ಆಗ ತಿಳಿಯಿತು. ತಪಾಸಣೆಯ ಉತ್ತರವೂ ಅವರು ಹೇಳಿದಂತೆಯೇ ಬಂತು. ತಡವಳದಲ್ಲಿ ಅಣ್ಣನ ಹೆಂಡತಿ ಮೊಸರನ್ನದ ಎಡೆ ಹಿಡಿದು ತಾಯಿಯನ್ನು ಸೀಮೆ ದಾಟಿಸಿ ಬಂದಳು. ಮರಿಗಳು ಮತ್ತೆ ಮೊಲೆಗೆ ಬಾಯಿ ಹಾಕಿದವು ಎಂದು ಅಣ್ಣ ಫೋನಿನಲ್ಲಿ ಕೂಗಿ ಹೇಳಿದ. ಈಗ ಮಾತಾಡಲು ಅಡ್ಡಿಯಿರಲಿಲ್ಲ, ಆದ್ದರಿಂದ ನಿಲ್ಲಿಸಲೇ ಇಲ್ಲ.

ಒಂದು ಬೆಳಿಗ್ಗೆ ಅವ್ವ ಮುಖ ತೊಳೆಯುವಾಗ ಹಕ್ಕಳೆ ಕಳಚಿ ಬಿತ್ತು. ಕೆಳಗೆ ಎಳೆ ಮಗುವಿನದಂಥ ತಿಳಿಗೆಂಪು ಚರ್ಮ. ನಾನು ಬಹಳ ಹುಡುಕಿದೆ, ಒಂದು ಗೆರೆಯ ಗುರುತೂ ಇರಲಿಲ್ಲ. ಡಾಕ್ಟರ್ ಬಾಯಿಗೆ ಕೊನೆಯ ಸಲ ತೋರಿಸಲು ಹೋದಾಗ ಅವ್ವ ಒಂದು ಡಬ್ಬಿ ತುಂಬ ಶೇಂಗಾ ಚಟ್ನಿ ಒಯ್ದಿದ್ದಳು. ಅವರು ಬೆರಳನ್ನು ನೋಡಿ ತೃಪ್ತಿಪಟ್ಟು, ಇನ್ನು ಮುಂದೆ ಬರಿ ಬೆರಳನ್ನು ಮರಿಯ ಬಾಯಿಗೆ ಹಾಕಬೇಡಿ, ಗ್ಲೋವ್ಸ್ ಹಾಕಿಕೊಳ್ಳಿ ಎಂದರು.

"ರಬ್ಬರಿನ ಬೆರಳ ಮರಿ ಬಾಯಾಗ ತಗೋತಾವೇನ್ರಿ?" ಎಂದಳು ಅವ್ವ.

"ತಗೊಳ್ಳಿಲ್ಲಂದ್ರ ಕಡ್ಡಿಗೆ ಅರಳಿ ಸುತ್ತಿ ಸವರ್ರಿ. ದನದ ಡಾಕ್ಟರ್‌ನೂ ಕರಸ್ರಿ. ಹೇಳೂದು ಬ್ಯಾಡ, ತೋರಸ್ರಿ ಸಾಕು," ಎಂದು ಅವರು ನಕ್ಕರು. ಅವ್ವನೂ ನಕ್ಕಳು. ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಅವರು ಬಿಡಲಿಲ್ಲ, ಹೊರಗೆ ಬೆಂಚು ತುಂಬಿದೆ ಹೋಗ್ರಿ ಎಂದು ಗದರಿದರು. ಅವರ ಆ ಗದರಿಕೆಯೂ ನನಗೆ ಆಶೀರ್ವಾದವೇ.

ಅವ್ವನನ್ನು ಊರು ಮುಟ್ಟಿಸಲು ಅವತ್ತೇ ಅಕ್ಕಲಕೋಟದ ಬಸ್ಸು ಹತ್ತಿದೆವು. ಕಿಟಕಿಯ ಹೊರಗೆ ಬಿಳಿಜೋಳ ತೆನೆ ತೂಗುತ್ತಿತ್ತು. ಅಷ್ಟು ದಿನ ನುಂಗಿಕೊಂಡಿದ್ದ ಸಿಟ್ಟು ಆಗ ಹೊರಬಿತ್ತು.

"ಮೊದಲ ಹೇಳಬಾರದೇನ ಬೇ? ನಾ ಕೇಳಲಿಲ್ಲಂದ್ರ ಬೆರಳ ಹೋಗ್ತಿತ್ತಲ್ಲ. ನಿನಗ ಗೊತ್ತಾಗಲಿಲ್ಲೇನ, ಮರಿಯಿಂದ ಬಂದದ್ದು ಅಂತ?"

"ಗೊತ್ತಿತ್ತು," ಎಂದಳು ಅವ್ವ.

ನಾನು ಪೂರ್ತಿ ಅವಳ ಕಡೆ ತಿರುಗಿ ಕುಳಿತೆ.

"ಬಾಯಾಗ ಬೆರಳ ಹಾಕಿದಾಕಿ ನಾನ ಅಲ್ಲೇನ? ನನಗ ಗೊತ್ತಾಗಲಾರದ ಹ್ಯಾಂಗ?" ಅವಳು ಶಾಂತವಾಗಿ ಹೇಳಿದಳು. "ತಾಯಿ ಕೇಳಾಕತ್ತಾಳ, ಕೊಡೂನು ಅಂದ್ಕೊಂಡಿದ್ನಿ. ಒಂದ ಬೆರಳಿಗೆ ಅಷ್ಟೂ ಮರಿ ಉಳೀತಾವಂದ್ರ ಅದೇನ ದೊಡ್ಡದು?"

"ಮತ್ತ ಅವತ್ತ ಯಾಕ ತಲಿ ಅಲ್ಲಾಡಿಸಿದಿ? ಡಾಕ್ಟರ್ ಬಾಯಿ ಅಷ್ಟ ಹೇಳಿದರೂ ಸುಮ್ಮನ ನಿಂತಿದ್ದಿ."

ಬಸ್ಸು ಒಂದು ನಿಲ್ದಾಣದಲ್ಲಿ ನಿಂತಿತು, ಜನ ಇಳಿದರು, ಹತ್ತಿದರು. ಮತ್ತೆ ಹೊರಟ ಮೇಲೆ ಅವ್ವ ಮಾತಾಡಿದಳು.

"ನಿನ್ನ ಮಾರಿ ನೋಡಿದ್ನಿ. ಇಷ್ಟ ಸಿಟ್ಟಿನಾಕಿ, ಎಷ್ಟ ಅಂಜಿದ್ದಿ ನೀ. ಆವಾಗ ತಿಳೀತು ನನಗ, ಈ ಬೆರಳ ನನ್ನೊಬ್ಬಾಕೀದಲ್ಲ, ನಾ ಕೊಡಾಕ ಬರೂದಿಲ್ಲ ಅಂತ."

ಅವ್ವನ ಕೈಯನ್ನು ನನ್ನ ತೊಡೆಯ ಮೇಲೆ ಎಳೆದುಕೊಂಡೆ. ಅಕ್ಕಲಕೋಟ ಬರುವವರೆಗೂ ಬಿಡಲಿಲ್ಲ.